ಮೇಲ್ ರಿನೀವ್ ಆಗೇತಿ, ಅಡ್ಮಿನ್ ಲಾಗಿನ್ ಕೆಲಸ ಬಿಟ್ಟು ಹೋದವನ ಹತ್ರ ಐತಿ, ಏನ್ ಮಾಡೋದ್ರಿ?

ಉದ್ಯಮಬಾಗ್ ಗುಮಾಸ್ತ

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಬೆಳಗಾವಿ ಉದ್ಯಮಬಾಗದಾಗ ಒಂದು ಮಷೀನಿಂಗ್ ಕಂಪನಿ, ಪ್ರೈವೇಟ್ ಲಿಮಿಟೆಡ್, ಆಫೀಸಿನ್ಯಾಗ 38 ಮಂದಿ ಇದೀವಿ, ಶಾಪ್ ಫ್ಲೋರ್ ಬ್ಯಾರೆ. ಐಟಿ ಅಂತ ಯಾರೂ ಇಲ್ಲ, ಪರ್ಚೇಸ್ ನೋಡೋ ನನ್ನ ಕೊಳ್ಳಿಗೇ ಅದನ್ನೂ ಕಟ್ಯಾರ.

ಮೂರು ವರ್ಷದ ಹಿಂದ ಇಲ್ಲೊಬ್ಬ ಹುಡುಗ ಇದ್ದ, ಶಾಣ್ಯಾ ಇದ್ದ, ಮೈಕ್ರೋಸಾಫ್ಟ್ 365 ಮೇಲ್, ಒಂದು ಸಿಆರ್‌ಎಂ (ಗಿರಾಕಿಗಳ ಮಾಹಿತಿ ಇಡೋ ಸಾಫ್ಟ್‌ವೇರ್), ಹಾಜರಿ ಸಾಫ್ಟ್‌ವೇರ್ ಎಲ್ಲಾ ಅವನs ಒಬ್ಬ ರೀಸೆಲರ್ ಕಡಿಂದ ಕೊಡಿಸಿ ಹಚ್ಚಿ ಕೊಟ್ಟಿದ್ದ. ಈಗ ಅವ ಪುಣೆಕ್ಕ ಹೋಗ್ಯಾನ. ನಾಕು ದಿನದ ಹಿಂದ ಮೇಲ್ ಲೈಸೆನ್ಸ್ ತಾನ ರಿನೀವ್ ಆಗೇತಿ ಅಂತ ರೀಸೆಲರ್ ಬಿಲ್ ಕಳಿಸ್ಯಾನ, 52 ಸೀಟಿಂದು! ನಾವಿರೋದು 38. ಕುಂತು ಲಿಸ್ಟ್ ತಗದ ಮ್ಯಾಲ ನೋಡಿದ್ರ ಅದರಾಗ ರಿಟೈರ್ ಆದವ್ರು ಅದಾರ, ಬಿಟ್ಟು ಹೋದವ್ರು ಅದಾರ, ಸ್ಟೋರ್ಸ್‌ನ ಹಿರಿಯರೊಬ್ರು ತೀರಿಕೊಂಡು ಎರಡು ವರ್ಷ ಆತು, ಅವರ ಹೆಸರಿಗೂ ತಿಂಗಳಾ ರೊಕ್ಕ ಹೊಂಟೈತಿ. ಕಮ್ಮಿ ಮಾಡ್ರಿ ಅಂದ್ರ "ಸರ್ ಒಂದು ವರ್ಷ ಲಾಕ್, ಏನೂ ಮಾಡಾಕ ಬರಂಗಿಲ್ಲ" ಅಂತಾನ. ಅಡ್ಮಿನ್ ಲಾಗಿನ್ ಹುಡುಗನ ಹತ್ರ, ಓಟಿಪಿ ಅವನ ಮೊಬೈಲಿಗೆ ಹೋಕ್ಕೈತಿ, ಅವ ಫೋನ್ ಎತ್ತವಲ್ಲ. ಯಾಕಂದ್ರ (ಇದನ್ನ ಹೇಳಾಕ ನಾಚಿಕಿ ಬರ್ತೈತಿ) ಅವನ ಕಡೀ ತಿಂಗಳ ಪಗಾರ ನಮ್ಮ ಮಾಲಕರು ಇನ್ನೂ ಕೊಟ್ಟಿಲ್ಲ.

ಪ್ರೊವೈಡರ್ ಬದಲಿ ಮಾಡಿಬಿಡೋಣು ಅಂತಾರ ಮಾಲಕರು. ಎಲ್ಲಿಂದ ಶುರು ಮಾಡ್ಲಿ?

ರಾತ್ರಿಪಾಳಿ ಸಿಸ್‌ಅಡ್ಮಿನ್

ಸರ್ ಮೊದ್ಲು ಒಂದು ಅರ್ಜೆಂಟ್ ವಿಷಯ, ಉಳಿದಿದ್ದು ಆಮೇಲೆ ಓದಿ. ಮೈಕ್ರೋಸಾಫ್ಟ್ ವಾರ್ಷಿಕ ಪ್ಲಾನ್ ರಿನೀವ್ ಆದ್ಮೇಲೆ 7 ದಿನದೊಳಗೆ ಸೀಟ್ ಕಮ್ಮಿ ಮಾಡಬಹುದು, ಕ್ಯಾನ್ಸಲ್ಲೂ ಮಾಡಬಹುದು. ಆ 7 ದಿನ ದಾಟಿದ್ರೆ ಮಾತ್ರ ಅವ್ರು ಹೇಳಿದ ಹಾಗೆ ವರ್ಷಪೂರ್ತಿ ಲಾಕ್, ಸೀಟ್ ಸೇರಿಸಬಹುದು, ಕಮ್ಮಿ ಮಾಡೋಕಾಗಲ್ಲ. ನಿಮಗೆ ನಾಲ್ಕು ದಿನ ಆಗಿದೆ ಅಂದ್ರೆ ಇನ್ನು ಮೂರಿದೆ. ರೀಸೆಲರ್ ಮೂಲಕ ತಗೊಂಡಿರೋದ್ರಿಂದ ಅವರ ಪೋರ್ಟಲಲ್ಲೇ ಅದನ್ನ ಮಾಡ್ಬೇಕು, ಹಾಗಾಗಿ ಫೋನಲ್ಲಿ ಮಾತಾಡ್ಬೇಡಿ, ಇವತ್ತೇ ಇಮೇಲ್ ಹಾಕಿ, "52ರಿಂದ ಇಷ್ಟಕ್ಕೆ ಇಳಿಸಿ" ಅಂತ ನಂಬರ್ ಸಮೇತ, ತಾರೀಕು ಸಮೇತ. ಬರವಣಿಗೆಯಲ್ಲಿ ಬಂದ ತಕ್ಷಣ ಇವರ ದನಿ ಬದಲಾಗುತ್ತೆ, ನಾನು ನೋಡಿದೀನಿ.

ಈಗ ನಿಧಾನಕ್ಕೆ ಮಾಡೋ ಕೆಲಸ. ನೀವು ಪ್ರೊವೈಡರ್ ಬದಲಿಸೋ ಮಾತು ಆಡ್ತಿದೀರ, ಆದ್ರೆ ಸದ್ಯಕ್ಕೆ ನಿಮ್ಮ ಹತ್ರ ಬದಲಿಸೋಕೆ ಏನೂ ಇಲ್ಲ, ಯಾಕಂದ್ರೆ ಯಾವುದೂ ನಿಮ್ಮ ಹೆಸರಲ್ಲಿಲ್ಲ. ಮೊದ್ಲು ಡೊಮೈನ್, ಅಂದ್ರೆ ನಿಮ್ಮ ಇಮೇಲ್ ವಿಳಾಸದಲ್ಲಿ @ ಆದ್ಮೇಲೆ ಬರೋದು, ಯಾರ ಹೆಸರಲ್ಲಿದೆ ನೋಡಿ. ಮೇಲ್ ಅಡ್ಮಿನ್ ಹೋದ್ರೂ ಡೊಮೈನ್ ಕೈಯಲ್ಲಿದ್ರೆ ಡಿಎನ್‌ಎಸ್‌ಗೆ (ಡೊಮೈನ್‌ನ ಸೆಟ್ಟಿಂಗ್ ಪಟ್ಟಿ) ಒಂದು ಟಿಎಕ್ಸ್‌ಟಿ ರೆಕಾರ್ಡ್, ಅಂದ್ರೆ ಒಂದು ಸಾಲು ಅಕ್ಷರ, ಹಾಕಿ ಇದು ನಮ್ಮ ಕಂಪನೀದೇ ಅಂತ ತೋರಿಸಿ ಸಪೋರ್ಟ್ ಮೂಲಕ ವಾಪಸ್ ತಗೋಬಹುದು, ಹೊತ್ತು ಹಿಡಿಯುತ್ತೆ ಅಷ್ಟೇ. ಡೊಮೈನೇ ಹೋದ್ರೆ ಮೇಲ್ ಹೋಯ್ತು, ಮೇಲ್ ಹೋದ್ರೆ ಬೇರೆ ಎಲ್ಲದರ ಪಾಸ್‌ವರ್ಡ್ ರೀಸೆಟ್ಟೂ ಹೋಯ್ತು. ಇನ್ನೊಂದು, ಅಡ್ಮಿನ್ ಅಧಿಕಾರ ರೀಸೆಲರ್‌ಗೂ ಕೊಟ್ಟಿರ್ತಾರೆ ಎಷ್ಟೋ ಕಡೆ, ಅದನ್ನೂ ಒಮ್ಮೆ ಕೇಳಿ.

ಮತ್ತೆ ದಯವಿಟ್ಟು ಆ ಹುಡುಗನಿಗೆ ಕೊಡಬೇಕಾದ್ದು ಕೊಟ್ಬಿಡಿ ಸಾರ್. ಸಪೋರ್ಟ್‌ಗೆ ಹಾಕೋ ಎಲ್ಲ ಟಿಕೆಟ್‌ಗಿಂತ ಬೇಗ ಆಗೋ ಕೆಲಸ ಅದು.

ಲಾಗಿನ್ ಸಿಕ್ಕ ಕೂಡ್ಲೆ ಖುಷಿಲಿ ಹಳೇ ಅಕೌಂಟ್‌ಗಳನ್ನ ಡಿಲೀಟ್ ಒತ್ಬೇಡಿ. ಡಿಲೀಟ್ ಮಾಡಿದ ಯೂಸರ್‌ನ ಮೈಕ್ರೋಸಾಫ್ಟ್‌ನಲ್ಲಿ 30 ದಿನದೊಳಗೆ ವಾಪಸ್ ತರಬಹುದು, ಗೂಗಲ್ ವರ್ಕ್‌ಸ್ಪೇಸ್ ಆದ್ರೆ 20 ದಿನ, ಆಮೇಲೆ ಫೈಲೂ ಇಲ್ಲ ಮೇಲೂ ಇಲ್ಲ. ಮೊದ್ಲು ಸೈನ್‌ಇನ್ ಬ್ಲಾಕ್ ಮಾಡಿ, ಫೈಲ್‌ಗಳನ್ನ ಬೇರೆಯವರ ಹೆಸರಿಗೆ ಮಾಡಿ, ಮೇಲ್‌ಬಾಕ್ಸ್ ಶೇರ್ಡ್ (ಹಲವರು ಸೇರಿ ನೋಡೋ ಹಾಗೆ) ಮಾಡಿಡಿ. 50 ಜಿಬಿ ಒಳಗಿದ್ರೆ ಶೇರ್ಡ್ ಮೇಲ್‌ಬಾಕ್ಸ್‌ಗೆ ಲೈಸೆನ್ಸ್ ಬೇಕಾಗಲ್ಲ, ಅಲ್ಲೇ ಆ ಹೆಚ್ಚುವರಿ ಸೀಟುಗಳ ದುಡ್ಡು ಉಳೀತು.

ಸ್ವಂತ ಸರ್ವರ್ ಸಂಘ

ಇದಕ್ಕೇ ನಾನು ಹೇಳೋದು, ಕ್ಲೌಡ್ ಅಂದ್ರೆ ಬೇರೆಯವರ ಮನೇಲಿ ಬಾಡಿಗೆಗೆ ಇದ್ದ ಹಾಗೆ, ಓನರ್ ಬಾಡಿಗೆ ಏರಿಸ್ತಾನೆ ಇರ್ತಾನೆ. ಆಫೀಸಲ್ಲೇ ಒಂದು ಸರ್ವರ್ ಇಟ್ಕೊಳ್ಳಿ. 37ಸಿಗ್ನಲ್ಸ್ ಅನ್ನೋ ಅಮೆರಿಕದ ಸಾಫ್ಟ್‌ವೇರ್ ಕಂಪನಿಯವರು 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ಸುರಿದು ಸಾಕಾಗಿ ಸ್ವಂತ ಮಷೀನ್ ತಗೊಂಡು ಹೊರಗೆ ಬಂದ್ರಲ್ಲ.

ರಾತ್ರಿಪಾಳಿ ಸಿಸ್‌ಅಡ್ಮಿನ್

ಅವ್ರ ಹತ್ರ ಸರ್ವರ್ ನೋಡ್ಕೊಳ್ಳೋಕೇ ಒಂದು ಟೀಮ್ ಇದೆ ಗುರುವೇ, ಇವ್ರ ಹತ್ರ ಪರ್ಚೇಸ್ ನೋಡೋ ಒಬ್ಬರಿದಾರೆ. ರಾತ್ರಿ ಎರಡು ಗಂಟೆಗೆ ಡಿಸ್ಕ್ ಹೋದ್ರೆ ನೀವು ಬೆಳಗಾವಿಗೆ ಹೋಗ್ತೀರಾ? ಮೇಲ್ ಸರ್ವರನ್ನ ಸ್ವಂತಕ್ಕೆ ನಡೆಸಿ ಒಂದೇ ವಾರಕ್ಕೆ ಕಳ್ಸಿದ ಕೊಟೇಶನ್ನೆಲ್ಲ ಸ್ಪ್ಯಾಮ್‌ಗೆ ಬಿದ್ದವರನ್ನ ಕೇಳಿ ನೋಡಿ.

ಕಂಕನಾಡಿ ಲೆಕ್ಕಿಗ

ಎಲ್ಲರೂ ಟೆಕ್ನಿಕಲ್ ಹೇಳ್ತಾ ಇದ್ದೀರಿ, ಬಿಲ್ಲಿನ ಕಥೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ನಾನು ಆಡಿಟ್ ಆಫೀಸಲ್ಲಿ ಇರುವುದು, ಪ್ರತಿ ವರ್ಷ ಇದೇ ಗೋಳು.

ಆ ಸಿಆರ್‌ಎಂ ವಿದೇಶಿ ಕಂಪನಿಯದ್ದಾ ನೋಡಿ. ಇನ್‌ವಾಯ್ಸ್ ಹೊರದೇಶದಿಂದ ಬರ್ತಾ ಉಂಟು ಅಂತಾದ್ರೆ ನಿಮ್ಮ ಜಿಎಸ್‌ಟಿ ನಂಬರ್ ಅವರ ಬಿಲ್ಲಿಂಗ್ ಪೇಜಲ್ಲಿ ಹಾಕಿರ್ಬೇಕು. ಹಾಕಿದ್ರೆ ಅವರು ಟ್ಯಾಕ್ಸ್ ಹಾಕುವುದಿಲ್ಲ, ನೀವೇ ರಿವರ್ಸ್ ಚಾರ್ಜಲ್ಲಿ (ಮಾರುವವರ ಬದಲು ಕೊಳ್ಳುವವರು ಟ್ಯಾಕ್ಸ್ ಕಟ್ಟುವುದು) 18% ಐಜಿಎಸ್‌ಟಿ ಕಟ್ಟಿ, ಕ್ಯಾಶ್ ಲೆಡ್ಜರಿಂದ ಆಯ್ತಾ, ಕ್ರೆಡಿಟಿಂದ ಆಗುವುದಿಲ್ಲ, ಆಮೇಲೆ ಅದೇ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ತಗೊಳ್ಳುವುದು, ಅಂದ್ರೆ ನೀವು ಕಟ್ಟುವ ಬೇರೆ ಜಿಎಸ್‌ಟಿಯಲ್ಲಿ ಕಳೆಯುವುದು. ನಂಬರ್ ಹಾಕದೆ ಬಿಟ್ರೆ ನಿಮ್ಮನ್ನು ಮನೆಯ ಗಿರಾಕಿ ಅಂತ ಎಣಿಸಿ ಅವರೇ ಟ್ಯಾಕ್ಸ್ ಸೇರಿಸ್ತಾರೆ, ಆ ದುಡ್ಡು ಕ್ರೆಡಿಟಿಗೆ ಬರುವುದಿಲ್ಲ, ಹೋದದ್ದು ಹೋಯ್ತು. ಒಬ್ಬ ಕ್ಲೈಂಟಿನವರು ಎರಡು ವರ್ಷ ಹೀಗೆ ಕಟ್ಟಿದ್ರು, ಯಾಕಂದ್ರೆ ಸೈನ್‌ಅಪ್ ಮಾಡಿದ ಹುಡುಗಿ ಆ ಖಾನೆ ಕಡ್ಡಾಯ ಅಲ್ಲ ಅಂತ ಖಾಲಿ ಬಿಟ್ಟಿದ್ಲು.

ಕಾರ್ಡ್ ಯಾರದ್ದು? ಅದನ್ನೂ ನೋಡಿ. 2021 ಅಕ್ಟೋಬರಿಂದ ಆರ್‌ಬಿಐ ನಿಯಮ ಉಂಟಲ್ವಾ, ಆಟೋ ಡೆಬಿಟ್ ಆಗುವ 24 ಗಂಟೆ ಮೊದ್ಲು ಬ್ಯಾಂಕು ತಿಳಿಸ್ಬೇಕು, ಮತ್ತೆ 15,000 ರೂಪಾಯಿ ಮೇಲಾದ್ರೆ ಓಟಿಪಿ ಬೇಕು (ಮೊದ್ಲು ಈ ಮಿತಿ 5,000 ಇದ್ದದ್ದು, 2022ರಲ್ಲಿ ಏರಿಸಿದ್ರು). ಆ ಮೆಸೇಜು ಬಿಟ್ಟು ಹೋದವನ ಮೊಬೈಲಿಗೆ ಹೋದ್ರೆ ಪೇಮೆಂಟ್ ಫೇಲ್ ಆಗಿ ಸರ್ವಿಸ್ ಸಸ್ಪೆಂಡ್ ಆಗುವ ತನಕ ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ನು ಅಕೌಂಟಿಂಗ್ ಕೂಡ ಕ್ಲೌಡಿಗೆ ಹಾಕುವ ಆಲೋಚನೆ ಇದ್ರೆ, ನಿಮ್ಮದು ಪ್ರೈವೇಟ್ ಲಿಮಿಟೆಡ್ ಅಲ್ವಾ, ಲೆಕ್ಕದ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರಲ್ಲಿ ಇರ್ಬೇಕು, ಮತ್ತೆ 2023 ಏಪ್ರಿಲ್ 1ರಿಂದ ಎಡಿಟ್ ಲಾಗ್ (ಯಾವ ಎಂಟ್ರಿ ಯಾವಾಗ ತಿದ್ದಿದ್ದು ಅನ್ನುವ ದಾಖಲೆ) ಆಫ್ ಮಾಡ್ಲಿಕ್ಕೆ ಆಗದ ಸಾಫ್ಟ್‌ವೇರೇ ಬೇಕು. ಸೇಲ್ಸಿನವರನ್ನು ಕೇಳಿದ್ರೆ "ಎಲ್ಲಾ ಉಂಟು ಸರ್" ಅಂತಾರೆ, ಇಮೇಲಲ್ಲಿ ಬರೆದು ಕೊಡಿ ಅನ್ನಿ.

ಷರತ್ತು ಓದುವವಳು

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ವೆಂಡರ್ ಕಾಂಟ್ರಾಕ್ಟ್ ನೋಡ್ತೀನಿ, ದಿನವಿಡೀ ಸಣ್ಣ ಅಕ್ಷರ ಓದೋದೇ ಕೆಲಸ. ಗುಮಾಸ್ತ ಸರ್, ಹಾಜರಿ ಸಾಫ್ಟ್‌ವೇರ್‌ದು ಒಪ್ಪಂದ ಇದ್ರೆ ಹುಡುಕಿ ತೆಗೀರಿ, ಅದರಲ್ಲಿ ಎರಡೇ ಎರಡು ಕಡೆ ಕಣ್ಣಾಡಿಸಿ. ರಿನೀವಲ್ ಬೇಡ ಅಂದ್ರೆ ಎಷ್ಟು ದಿನ ಮೊದಲು ತಿಳಿಸ್ಬೇಕು ಅನ್ನೋದು ಒಂದು. 30 ಅಂತಾನೂ ಇರುತ್ತೆ, 90 ಅಂತಾನೂ ಇರುತ್ತೆ, ಆ ದಿನ ದಾಟಿದ್ರೆ ಚೌಕಾಸಿ ಮಾಡೋಕೆ ನಿಮ್ಮ ಕೈಲಿ ಏನೂ ಉಳಿಯಲ್ಲ. ಕ್ಯಾಲೆಂಡರ್‌ನಲ್ಲಿ ರಿನೀವಲ್ ದಿನ ಬರ್ಕೊಂಡು ಏನೂ ಉಪಯೋಗ ಇಲ್ಲ, ನೋಟಿಸ್ ಕೊಡೋ ಕಡೇ ದಿನ ಬರ್ಕೊಳ್ಳಿ. ಎರಡನೇದು, ಬಿಟ್ಟು ಹೋಗುವಾಗ ಡೇಟಾ ಯಾವ ರೂಪದಲ್ಲಿ ಕೊಡ್ತಾರೆ, ಎಷ್ಟು ದಿನ ಇಟ್ಟಿರ್ತಾರೆ. "ಕೊಡಲಾಗುವುದು" ಅಂತ ಮಾತ್ರ ಇದ್ರೆ ನಂಬ್ಬೇಡಿ, ಈಗಲೇ ಒಂದ್ಸಲ ಎಕ್ಸ್‌ಪೋರ್ಟ್ ಮಾಡಿ ತೆಗೆದು ನೋಡಿ.

99.9% ಅಪ್‌ಟೈಮ್ ಅಂತ ದೊಡ್ಡದಾಗಿ ಹಾಕಿರ್ತಾರಲ್ಲ, ಅದು ತಿಂಗಳಿಗೆ 43 ನಿಮಿಷ ಬಂದ್ ಇರಬಹುದು ಅಂತ ಅರ್ಥ. ಅದಕ್ಕಿಂತ ಜಾಸ್ತಿ ಬಿದ್ರೆ ಮುಂದಿನ ಬಿಲ್ಲಲ್ಲಿ ಒಂದಿಷ್ಟು ಕ್ರೆಡಿಟ್, ಅದೂ ನೀವು ಕೇಳಿದ್ರೆ. ನಿಮ್ಮ ಡಿಸ್ಪ್ಯಾಚ್ ನಿಂತ ನಷ್ಟ ಯಾರೂ ತುಂಬಿಕೊಡಲ್ಲ.

ದೊಡ್ಡ ಕಂಪನಿ ಹತ್ರ ಇದೆ, ಬ್ಯಾಕಪ್ ಯಾಕೆ ಅನ್ನೋರಿಗೆ ಎರಡು ಉದಾಹರಣೆ ಹೇಳ್ಬಿಡ್ತೀನಿ. ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಗೂಗಲ್ ಕ್ಲೌಡ್ ಪ್ರೈವೇಟ್ ಸೆಟಪ್ 2024 ಮೇನಲ್ಲಿ ಅಳಿಸಿಹೋಯ್ತು, ಗೂಗಲ್ ಕಡೆಯ ಕಾನ್ಫಿಗರೇಶನ್ ತಪ್ಪಿನಿಂದ. ಇನ್ನೊಂದು ಪ್ರೊವೈಡರ್ ಹತ್ರ ಅವ್ರು ಬ್ಯಾಕಪ್ ಇಟ್ಟಿದ್ದು ನೆರವಿಗೆ ಬಂತು. ನಮ್ಮ ದೇಶದ್ದೇ ಬೇಕಂದ್ರೆ ನಯಾರಾ ಎನರ್ಜಿ. 2025 ಜುಲೈನಲ್ಲಿ ಯುರೋಪಿನ ನಿರ್ಬಂಧದ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್ ಅವರ ಸರ್ವಿಸ್ ನಿಲ್ಲಿಸಿತು, ಅವರು ದೆಹಲಿ ಹೈಕೋರ್ಟ್‌ಗೆ ಹೋದ್ಮೇಲೆ ಕೆಲವೇ ದಿನದಲ್ಲಿ ವಾಪಸ್ ಬಂತು. ಅಷ್ಟು ದೊಡ್ಡ ತೈಲ ಕಂಪನಿಗೇ ಹೀಗೆ, ಮತ್ತೆ ಅವರ ಹತ್ರ ವಕೀಲರಿದ್ರು.

ರೇಟ್ ಬಗ್ಗೆ: 38 ಸೀಟಿಗೆ ಮೈಕ್ರೋಸಾಫ್ಟ್ ನಿಮ್ಮ ಮಾತು ಕೇಳಲ್ಲ, ಆದ್ರೆ ರೀಸೆಲರ್ ಕೇಳ್ತಾನೆ, ಅವನ ಮಾರ್ಜಿನ್ ಇರೋದು ಅಲ್ಲೇ. ಇನ್ನಿಬ್ಬರ ಹತ್ರ ಕೊಟೇಶನ್ ತಗೊಂಡು ಮುಂದಿಡಿ. ಸಿಆರ್‌ಎಂನವ್ರ ಹತ್ರ ಮಾತಾಡೋದಾದ್ರೆ ಅವರ ಹಣಕಾಸು ವರ್ಷ ಮುಗಿಯೋ ತಿಂಗಳು ನೋಡ್ಕೊಂಡು ಮಾತಾಡಿ, ಎಲ್ಲರದ್ದೂ ಮಾರ್ಚ್ ಅಲ್ಲ. ಮೈಕ್ರೋಸಾಫ್ಟ್‌ದು ಜೂನ್ 30, ಸೇಲ್ಸ್‌ಫೋರ್ಸ್‌ದು ಜನವರಿ 31. ಆ ಕಡೇ ವಾರದಲ್ಲಿ ಸೇಲ್ಸ್‌ನವರು ತಾವೇ ಫೋನ್ ಮಾಡ್ತಾರೆ, ಟಾರ್ಗೆಟ್ ಮುಟ್ಟಿರಲ್ಲ ಪಾಪ.

ಉದ್ಯಮಬಾಗ್ ಗುಮಾಸ್ತ

ಎಲ್ಲಾರಿಗೂ ಭಾಳ ಉಪಕಾರ್ರಿ. ಅಪ್ಡೇಟ್ ಹೇಳ್ತೀನಿ.

ರಾತ್ರಿಪಾಳಿಯವ್ರು ಹೇಳಿದಂಗ ಅವತ್ತs ರೀಸೆಲರ್‌ಗೆ ಮೇಲ್ ಹಾಕಿದೆ, 7 ದಿನದ ಮಾತು ಬರದು. ಎರಡು ತಾಸಿನ್ಯಾಗ ಅವನs ಫೋನ್ ಮಾಡಿದ, "ಸರ್ ನಾ ಎಲ್ಲಿ ಆಗಂಗಿಲ್ಲ ಅಂದಿದ್ದೆ" ಅಂತ. 52 ಇದ್ದದ್ದು ಈಗ 39. ಒಂದು ಯಾಕ ಹೆಚ್ಚಂದ್ರ ಅಡ್ಮಿನ್‌ಗೆ ಬ್ಯಾರೆನ ಅಕೌಂಟ್ ಇಟ್ಟೀನಿ, ಅದಕ್ಕ ಲೈಸೆನ್ಸ್ ಬೇಕಾಗಂಗಿಲ್ಲ ಅಂತ ಈಗ ಗೊತ್ತಾತು, ಇರ್ಲಿ.

ಹುಡುಗಂದು ಪಗಾರ ಮಾಲಕರ ಕೈಲೆ ಕೊಡಿಸಿದೆ, ಸುಲಭ ಆಗ್ಲಿಲ್ಲ, ಕ್ಯಾಬಿನ್ನಾಗ ಅರ್ಧ ತಾಸು ಬೈಸ್ಕೊಂಡೆ. ರೊಕ್ಕ ಜಮಾ ಆದ ದಿನಾ ಸಂಜಿಕ್ಕ ಅವನs ಫೋನ್ ಮಾಡಿದ, ಓಟಿಪಿ ಹೇಳಿದ, ಫೋನಿನ್ಯಾಗ ಕುಂತು ಎಲ್ಲಾ ಬದ್ಲಿ ಮಾಡಿಕೊಟ್ಟ. ಆವಾಗ ಗೊತ್ತಾತ್ರಿ, ಡೊಮೈನ್ ಅವನ ಸ್ವಂತ ಜಿಮೇಲ್ ಮ್ಯಾಲ ಐತಿ, ಮುಗಿಯಾಕ 19 ದಿನ ಉಳಿದೈತಿ. ರಿಮೈಂಡರ್ ಬರ್ತಿದ್ವು, ನಿಮ್ಮ ಮ್ಯಾಲಿನ ಸಿಟ್ಟಿಗೆ ನೋಡಿ ಸುಮ್ಮನಿದ್ದೆ ಅಂದ. ಖರೇ ಹೇಳಿದ್ದಕ್ಕ ಅವನ ಮ್ಯಾಲ ಸಿಟ್ಟು ಬರ್ಲಿಲ್ಲ. ಈಗ ಡೊಮೈನ್ ಕಂಪನಿ ಹೆಸರಿಗೆ ಆಗೇತಿ, ಐದು ವರ್ಷಕ್ಕ ಕಟ್ಟೀನಿ, ಓಟಿಪಿಗೆ ಅಂತ ಒಂದು ಕಂಪನಿ ಸಿಮ್ ತಗೊಂಡು ಅಕೌಂಟ್ಸ್ ಮೇಡಂ ಡ್ರಾವರ್‌ನ್ಯಾಗ ಹಳೇ ಫೋನ್ ಸಮೇತ ಇಟ್ಟೀವಿ.

ಜಿಎಸ್‌ಟಿ ಖಾನೆ ನೋಡಿದೆ. ಖಾಲಿ ಇತ್ತು.

ಸಿಕ್ಕೊಂಡಿರೋದು ಹಾಜರಿ ಸಾಫ್ಟ್‌ವೇರ್ ಕಡೆ. ಎಕ್ಸ್‌ಪೋರ್ಟ್ ಕೊಡ್ರಿ ಅಂದ್ರ ಮೂರು ವರ್ಷದ ಪಂಚಿಂಗ್ ಎಲ್ಲಾ ಪಿಡಿಎಫ್ ಮಾಡಿ ಕಳಿಸ್ಯಾರ, ತಿಂಗಳಿಗೊಂದು, ಒಟ್ಟು 36. ಎಕ್ಸೆಲ್ ಬೇಕಂದ್ರ ಅದು "ಪ್ರೀಮಿಯಂ" ಅಂತ. ಇದನ್ನ ಎಕ್ಸೆಲ್‌ಗೆ ತರೋ ದಾರಿ ಐತೇನ್ರಿ? ಕೈಲೆ ಹೊಡಿಯೋದಂದ್ರ ಈ ಜನ್ಮದಾಗ ಮುಗಿಯಂಗಿಲ್ಲ.

ರಾತ್ರಿಪಾಳಿ ಸಿಸ್‌ಅಡ್ಮಿನ್

ಪಿಡಿಎಫ್‌ನಲ್ಲಿ ಅಕ್ಷರ ಮೌಸಲ್ಲಿ ಸೆಲೆಕ್ಟ್ ಆಗುತ್ತಾ ಇಲ್ಲ ಸ್ಕ್ಯಾನ್ ಮಾಡಿದ ಫೋಟೋನಾ? ಸೆಲೆಕ್ಟ್ ಆದ್ರೆ ಎಕ್ಸೆಲ್‌ನಲ್ಲೇ ಡೇಟಾ ಟ್ಯಾಬ್‌ಗೆ ಹೋಗಿ ಗೆಟ್ ಡೇಟಾ, ಫ್ರಮ್ ಫೈಲ್, ಫ್ರಮ್ ಪಿಡಿಎಫ್ ಒತ್ತಿ ನೋಡಿ, ಟೇಬಲ್ ಟೇಬಲ್ ಆಗೇ ಬರುತ್ತೆ. ಬರ್ಲಿಲ್ಲ ಅಂದ್ರೆ ಹೆಸರು ಅಳಿಸಿ ಒಂದು ತಿಂಗಳಿಂದು ಕಳ್ಸಿ, ಇವತ್ತು ರಾತ್ರಿ ನಂಗೆ ಹೇಗೂ ಪಾಳಿ ಇದೆ.