ಅಜ್ಜಿಯ ಮುಳುಗಡೆ ಕಾಲದ ಮಾತು ರೆಕಾರ್ಡ್ ಮಾಡ್ಬೇಕು, ಹೇಗೆ ಶುರು ಮಾಡ್ಲಿ?

ಹಿನ್ನೀರು_ಹುಡ್ಗ:
ಎಲ್ರಿಗೂ ನಮಸ್ಕಾರ. ನಮ್ಮಜ್ಜಿಗೆ ಎಂಬತ್ತು ದಾಟಿದೆ, ಲಿಂಗನಮಕ್ಕಿ ಡ್ಯಾಮ್ ಆದಾಗ ಮನೆ ಗದ್ದೆ ಎಲ್ಲ ಮುಳುಗಿ ಶಿವಮೊಗ್ಗ ಕಡೆ ಬಂದೋರು. ಸೊಪ್ಪು ಬಿಡಿಸ್ತಾ ಕೂತಾಗ ಏನೇನೋ ಹೇಳ್ತಾಳೆ, ಫೋನ್ ಎದುರಿಗಿಟ್ಟು "ಅಜ್ಜಿ ನಿನ್ ಕತೆ ಹೇಳು" ಅಂದ್ರೆ ಮಾತ್ರ "ಎಂತ ಹೇಳೂದು ಮಾರಾಯ, ಎಲ್ಲರದ್ದೂ ಅದೇ" ಅಂತ ಸುಮ್ನಾಗ್ತಾಳೆ. ಇಸವಿ ಕೇಳಿದ್ರೆ ಒಂದೂ ನೆನಪಿಲ್ಲ. ವಿಡಿಯೋ ಮಾಡ್ಲಾ ಆಡಿಯೋ ಸಾಕಾ?

ಚುಕ್ಕಿಬಾಳೆ:
ಆಡಿಯೋನೇ ಮಾಡಿ, ಕ್ಯಾಮೆರಾ ಕಂಡ್ರೆ ಸೀರೆ ಸರಿ ಮಾಡ್ಕೊಂಡು ಬಿಗಿಯಾಗಿ ಕೂತ್ಬಿಡ್ತಾರೆ. ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡಲ್ಲಿ ಹಾಕಿ, ಮಡಚಿದ ಟವೆಲ್ ಮೇಲಿಡಿ, ಬರೀ ಟೇಬಲ್ ಮೇಲಿಟ್ರೆ ಲೋಟ ಇಟ್ಟಿದ್ದೂ ಗುಡುಗಿದ ಹಾಗೆ ಕೇಳುತ್ತೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಬೇಡ, ಕ್ವಾಲಿಟಿ ಹೋಗುತ್ತೆ, ಫೋನಲ್ಲಿರೋ ರೆಕಾರ್ಡರೇ ಸಾಕು. ಶುರುವಲ್ಲಿ ತಾರೀಕು, ಊರು, ಯಾರ ಹತ್ರ ಮಾತಾಡ್ತಿರೋದು ಅಂತ ನೀವೇ ಹೇಳ್ಬಿಡಿ.

ಸಾಗರದವ:
ಇಸವಿ ಕೇಳ್ಲೇಬೇಡ ಮಾರಾಯ. ಮಡೆನೂರು ಡ್ಯಾಮ್ ಮುಳುಗೋಕೆ ಮುಂಚೆನಾ ಆಮೇಲಾ ಅಂತ ಕೇಳು. ಅದು ಮುಗ್ದಿದ್ದು 1948ರಲ್ಲಿ, ಲಿಂಗನಮಕ್ಕಿ 1964ರಲ್ಲಿ ಆದ್ಮೇಲೆ ಅದೇ ನೀರೊಳಗೆ ಹೋಯ್ತು, ಬೇಸಿಗೇಲಿ ನೀರು ತೀರಾ ಇಳಿದ್ರೆ ಈಗ್ಲೂ ಕಾಣುತ್ತೆ. ಕಾಗೋಡಿನ ಗೇಣಿ ರೈತರ ಗಲಾಟೆ 1951, ನಯಾಪೈಸೆ ಬಂದಿದ್ದು 1957, ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಇವನ್ನ ಹಿಡ್ಕೊಂಡು ಲೆಕ್ಕ ಹಾಕ್ಬೋದು. ಇನ್ನೊಂದು, "ಕತೆ" ಅನ್ನೋ ಶಬ್ದಾನೇ ಎತ್ಬೇಡ, ಲಾರಿಗೆ ಏನೇನು ಹಾಕಿದ್ರಿ ಅಂತ ಕೇಳು ಸಾಕು. ನಮ್ ದೊಡ್ಡಮ್ಮ ಬೀಸೋಕಲ್ಲು, ಮುಂಬಾಗಿಲು, ತುಳಸಿಕಟ್ಟೆ ಮಣ್ಣು ಅಂತ ಶುರು ಮಾಡಿ, ನೆಲದ ಮೇಲೆ ಗೋಟಡಿಕೆ ಜೋಡಿಸ್ತಾ ಇದು ನಮ್ಮನೆ, ಇದು ಬಾವಿ, ಇದು ಶಾನುಭೋಗರ ಮನೆ ಅಂತ ಊರನ್ನೇ ಇಟ್ಬಿಟ್ರು, ಒಂದೊಂದು ಅಡಿಕೆಗೂ ಆ ಮನೇಲಿ ಯಾರ್ಯಾರಿದ್ರು ಅಂತ ಹೇಳ್ಕೊಂಡು. ಒಂದು ಅಡಿಕೆ ಕೈಲಿ ಹಿಡ್ಕೊಂಡು ಎಲ್ಲಿಡೋದು ಅಂತ ಬಹಳ ಹೊತ್ತು ಸುಮ್ನೆ ಕೂತಿದ್ರು. ಹಂಗೆ ಸುಮ್ನಾದಾಗ ನಡುವೆ ಬಾಯಿ ಹಾಕ್ಬೇಡ.

ಮಳೆಬಿಲ್ಲು:
ಎಲ್ಲ ಸರಿ, ಅಜ್ಜಿಗೆ ರೆಕಾರ್ಡ್ ಆಗ್ತಿದೆ ಅಂತ ಹೇಳಿದ್ದೀರಾ? ಇದು ಯಾರ್ಯಾರು ಕೇಳ್ಬೋದು ಅನ್ನೋದೂ ಅವರನ್ನೇ ಕೇಳಿ. ನಮ್ಮನೇಲಿ ಪರಿಹಾರದ ದುಡ್ಡು ಯಾರ ಕೈ ಸೇರ್ತು ಅಂತ ಅತ್ತೆ ಹೇಳಿದ್ದ ತುಂಡನ್ನ ಯಾರೋ ಫ್ಯಾಮಿಲಿ ಗ್ರೂಪಿಗೆ ಹಾಕಿ ಎರಡು ಮನೆಯೋರು ಇವತ್ತಿಗೂ ಮಾತಾಡಲ್ಲ. ಯೂಟ್ಯೂಬ್ ಅಂತೂ ಬೇಡ್ವೇ ಬೇಡ.

ಹಿನ್ನೀರು_ಹುಡ್ಗ:
ಹೇಳೇ ಮಾಡ್ತೀನಿ ಅಕ್ಕ, ಆ ದುಡ್ಡಿನ ವಿಷಯ ನಮ್ಮಲ್ಲೂ ಇದೆ. ಅಡಿಕೆ ಉಪಾಯ ಸಖತ್ತಾಗಿದೆ, ಆದ್ರೆ ಆಡಿಯೋಲಿ "ಇದು ಬಾವಿ" ಅಂದ್ರೆ ಆಮೇಲೆ ಯಾವ್ದು ಅಂತ ಗೊತ್ತಾಗೋದು ಹೆಂಗೆ?

ಸಾಗರದವ:
ನೀನು ಪಕ್ಕದಲ್ಲೇ ಕೂತು "ಬಾವಿ ಮನೆ ಹಿಂದೆನಾ?" ಅಂತ ಕೇಳ್ತಿರು, ಅಲ್ಲೇ ರೆಕಾರ್ಡ್ ಆಗುತ್ತೆ. ಮುಗಿದ್ಮೇಲೆ ಮೇಲಿಂದ ಒಂದು ಫೋಟೋ ತಗೊಂಡು ಆಡಿಯೋ ಫೈಲಿನ ಹೆಸರೇ ಅದಕ್ಕೂ ಇಡು.