ಮೂರು ಆಫರ್ ಬಂದಾವ: ಬೆಂಗಳೂರಿನ 9 ಲಕ್ಷ ಹಿಡೀಲೋ, ಪುಣೆಯ 6.5 ಲಕ್ಷ ಹಿಡೀಲೋ?

ಟಿಳಕವಾಡಿ:

ನಮಸ್ಕಾರ್ರಿ. ಬೆಳಗಾವಿಯೊಳಗ ಕಂಪ್ಯೂಟರ್ ಸೈನ್ಸ್ ಕೊನೇ ಸೆಮಿಸ್ಟರ್ ನಡದೈತಿ. ಮೂರು ಆಫರ್ ಕೈಯಾಗ ಅದಾವ, ಯಾವುದು ಹಿಡೀಬೇಕು ತಿಳೀವಲ್ತು.

ಒಂದನೇದು ಬೆಂಗಳೂರಿನ ಪ್ರಾಡಕ್ಟ್ ಸ್ಟಾರ್ಟಪ್. ಸಿಟಿಸಿ (ಕಂಪನಿ ನನ್ನ ಮ್ಯಾಲ ವರ್ಷಕ್ಕ ಮಾಡೋ ಒಟ್ಟು ಖರ್ಚು) 9 ಲಕ್ಷ. ಇದರಾಗ ಜಾಯ್ನಿಂಗ್ ಬೋನಸ್ 1 ಲಕ್ಷ, ವೇರಿಯೇಬಲ್ (ಕೆಲಸ ನೋಡಿ ಕೊಡೋ ಪಾಲು) 90 ಸಾವಿರ, ಶೇರು 1 ಲಕ್ಷ (ನಾಕು ವರ್ಷಕ್ಕ 4 ಲಕ್ಷ ಅಂತ ಬರದಾರ), ಇನ್ಶೂರನ್ಸ್ 15 ಸಾವಿರ. ಬೇಸಿಕ್ (ಮೂಲ ಪಗಾರ) ತಿಂಗಳಿಗೆ 22 ಸಾವಿರ. ಬಾಂಡ್ (ಇಷ್ಟು ವರ್ಷ ಕೆಲಸ ಬಿಡಂಗಿಲ್ಲ ಅನ್ನೋ ಕರಾರು) ಇಲ್ಲ.

ಎರಡನೇದು ಪುಣೆ. 6.5 ಲಕ್ಷ, ವೇರಿಯೇಬಲ್ ಇಲ್ಲ, ಬೇಸಿಕ್ 27 ಸಾವಿರ, ಇನ್ಶೂರನ್ಸ್ 10 ಸಾವಿರ. ಎರಡು ವರ್ಷದ ಬಾಂಡ್, ಮುರಿದರ 2 ಲಕ್ಷ. ಶುಕ್ರವಾರದೊಳಗ ಉತ್ತರ ಕೊಡ್ರಿ ಅಂದಾರ.

ಮೂರನೇದು ದೊಡ್ಡ ಸರ್ವಿಸ್ ಕಂಪನಿ, 3.6 ಲಕ್ಷ. ಲೆಟರ್ ಆಫ್ ಇಂಟೆಂಟ್ ಅಷ್ಟ ಬಂದೈತಿ, ಜಾಯ್ನಿಂಗ್ ತಾರೀಖು ಇಲ್ಲ. ಮನ್ಯಾಗ "ದೊಡ್ಡ ಕಂಪನಿ, ಅದ ಚಲೋ" ಅಂತಾರ. ನನಗ 9 ಲಕ್ಷ ಬಿಡಾಕ ಮನಸ್ಸಿಲ್ಲ.

ಪಗಾರ ಲೆಕ್ಕ:

ತಂಗಿ, ಸಿಟಿಸಿಯನ್ನು 12ರಿಂದ ಭಾಗಿಸಬೇಡ. 9 ಲಕ್ಷಕ್ಕೆ ತಿಂಗಳಿಗೆ 75 ಸಾವಿರ ಬರುತ್ತದೆ ಅನಿಸುತ್ತದೆ, ಬರುವುದಿಲ್ಲ. ನೀನು ಕೊಟ್ಟ ಅಂಕಿಗಳನ್ನೇ ಹಿಡಿದು ನೋಡೋಣ.

ಬೆಂಗಳೂರು: ಬೋನಸ್, ವೇರಿಯೇಬಲ್, ಶೇರು ತೆಗೆದರೆ 6,10,000 ಉಳಿಯಿತು. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಬೇಸಿಕ್‌ನ ಶೇ. 12, ಅಂದರೆ ವರ್ಷಕ್ಕೆ 31,680. ಗ್ರಾಚುಟಿ (ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡುವ ಮೊತ್ತ) ಬೇಸಿಕ್‌ನ ಶೇ. 4.81, ಸುಮಾರು 12,700. ಇನ್ಶೂರನ್ಸ್ 15,000. ಇವನ್ನೆಲ್ಲ ಸಿಟಿಸಿಯೊಳಗೇ ಸೇರಿಸಿರುತ್ತಾರೆ. ಕಳೆದರೆ ವರ್ಷಕ್ಕೆ 5,50,620, ತಿಂಗಳಿಗೆ 45,885. ಅದರಲ್ಲಿ ನಿನ್ನ ಪಾಲಿನ ಪಿಎಫ್ 2,640, ವೃತ್ತಿ ತೆರಿಗೆ 200 ಹೋದರೆ ಕೈಗೆ ಸುಮಾರು 43,000.

ಪುಣೆ: 6,50,000ದಲ್ಲಿ ಪಿಎಫ್ 38,880, ಗ್ರಾಚುಟಿ ಸುಮಾರು 15,580, ಇನ್ಶೂರನ್ಸ್ 10,000 ತೆಗೆದರೆ ತಿಂಗಳಿಗೆ 48,800ರ ಹತ್ತಿರ. ನಿನ್ನ ಪಿಎಫ್ 3,240, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಸುಮಾರು 45,350.

ಅಂದರೆ ತಿಂಗಳ ಪಗಾರದಲ್ಲಿ 6.5 ಲಕ್ಷದ ಆಫರೇ 2,300 ರೂಪಾಯಿ ಮುಂದಿದೆ. ಆದಾಯ ತೆರಿಗೆಯ ಚಿಂತೆ ಎರಡರಲ್ಲೂ ಇಲ್ಲ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದ ಸಂಬಳದವರೆಗೆ ತೆರಿಗೆ ಸೊನ್ನೆ.

ಇನ್ನು ಆ ಉಳಿದ 2.9 ಲಕ್ಷ. ಜಾಯ್ನಿಂಗ್ ಬೋನಸ್ ನಿಜವಾದ ದುಡ್ಡು, ಆದರೆ ಒಂದೇ ಸಲದ್ದು. ಎರಡನೇ ವರ್ಷಕ್ಕೆ ಇರುವುದಿಲ್ಲ. 12 ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಹುಡುಕಿ ಓದು. ಪೂರ್ತಿ ಕೊಡಬೇಕೋ, ಉಳಿದ ತಿಂಗಳುಗಳ ಪ್ರಮಾಣದಲ್ಲೋ ಎಂಬುದು ಮುಖ್ಯ. ವೇರಿಯೇಬಲ್ ಕೊಡುವ ದಿನ ನೀನು ಕೆಲಸದಲ್ಲಿ ಇದ್ದರೆ ಮಾತ್ರ ಸಿಗುವಂತೆ ಬರೆದಿರುತ್ತಾರೆ; ಜುಲೈನಲ್ಲಿ ಸೇರಿದರೆ ಮಾರ್ಚ್‌ಗೆ ಮುಗಿಯುವ ಮೊದಲ ವರ್ಷಕ್ಕೆ ಒಂಬತ್ತು ತಿಂಗಳ ಪಾಲು ಅಷ್ಟೇ. ಶೇರನ್ನು ಸೊನ್ನೆ ಎಂದೇ ಹಿಡಿ. ಹೆಚ್ಚಿನ ಕಡೆ ಒಂದು ವರ್ಷ ತುಂಬುವ ಮೊದಲು ಒಂದು ಶೇರೂ ನಿನ್ನದಾಗುವುದಿಲ್ಲ, ಆಮೇಲೂ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಲಿಸ್ಟ್ ಆಗದ ಕಂಪನಿಯದಾದರೆ ಕೊಂಡ ಶೇರನ್ನು ಮಾರಲು ಪೇಟೆಯೇ ಇಲ್ಲ.

ಘಟಪ್ರಭಾ:

ಲೆಕ್ಕ ಸರಿ ಐತಿ. ಬಾಂಡಿನ ಮಾತು ನಾ ಹೇಳ್ತೀನಿ.

"ಬಾಂಡ್ ಕೋರ್ಟಿನ್ಯಾಗ ನಿಲ್ಲಂಗಿಲ್ಲ" ಅಂತ ಹಾಸ್ಟೆಲಿನ್ಯಾಗ ಎಲ್ಲಾರೂ ಹೇಳ್ತಾರ. ಅದನ್ನ ನಂಬಿ ಸಹಿ ಮಾಡಬ್ಯಾಡ. 2025ರ ಮೇ ತಿಂಗಳಾಗ ವಿಜಯಾ ಬ್ಯಾಂಕ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಮೂರು ವರ್ಷ, 2 ಲಕ್ಷದ ಬಾಂಡನ್ನ ಎತ್ತಿ ಹಿಡಿದೈತಿ. ಅದು ಸರ್ಕಾರಿ ಬ್ಯಾಂಕು, ಅಧಿಕಾರಿ ಹುದ್ದೆ, ನೇಮಕಾತಿ ಖರ್ಚಿನ ವಿಚಾರ. ಖಾಸಗಿ ಕಂಪನಿಯ ಪ್ರತಿ ಬಾಂಡಿಗೂ ಹಂಗ ಅನ್ವಯಿಸಂಗಿಲ್ಲ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತದ ಮಿತಿಯೊಳಗ ನ್ಯಾಯವಾದಷ್ಟು ಪರಿಹಾರ ಸಿಗತೈತಿ, ಪೂರ್ತಿ 2 ಲಕ್ಷ ತಾನಾಗೇ ಸಿಗಂಗಿಲ್ಲ. ಆದ್ರ ಕೋರ್ಟಿನ ತನಕ ಹೋಗೋ ಕಂಪನಿ ಕಡಿಮೆ. ಅವರು ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಪತ್ರ) ತಡೀತಾರ, ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ಹಿಂದಿನ ಕೆಲಸದ ಪರಿಶೀಲನೆ) ಅಲ್ಲೇ ನಿಲ್ಲತೈತಿ. ನಿಜವಾದ ಪೆಟ್ಟು ಅದು.

ಪುಣೆಯವರಿಗೆ ಮೇಲ್ ಮಾಡಿ ಕೇಳು: ಎರಡು ವರ್ಷ ಜಾಯ್ನ್ ಆದ ದಿನದಿಂದ ಎಣಿಸ್ತಾರೋ, ಟ್ರೇನಿಂಗ್ ಮುಗಿದ ದಿನದಿಂದಲೋ? ಒಂದು ವರ್ಷ ದುಡಿದ ಮ್ಯಾಲ ಮೊತ್ತ ಅರ್ಧ ಆಗತೈತೋ? ಅವರೇ ತೆಗೆದು ಹಾಕಿದರ ಬಾಂಡ್ ರದ್ದೋ? ಫೋನಿನ್ಯಾಗ ಹೇಳಿದ್ದು ಲೆಕ್ಕಕ್ಕಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊತೀವಿ ಅಂದರ, ಇಲ್ಲಾ ಸಹಿ ಮಾಡಿದ ಖಾಲಿ ಚೆಕ್ ಕೇಳಿದರ, ಅಲ್ಲಿಗೇ ಬಿಡು.

ಲೆಟರ್ ಆಫ್ ಇಂಟೆಂಟ್ ಅಂದರ ತಗೊಳ್ಳೋ ಇಚ್ಛೆ ಐತಿ ಅನ್ನೋ ಪತ್ರ ಅಷ್ಟ, ಆಫರ್ ಅಲ್ಲ. ತಾರೀಖು ಇಲ್ಲದ್ದು ಆರು ತಿಂಗಳು ಎಳದರೂ ಕೇಳಾಕ ಬರಂಗಿಲ್ಲ. ಮನ್ಯಾಗಿನವರಿಗೆ ಆ ಪತ್ರ ತೋರಿಸಿ ಇದನ್ನ ಬಿಡಿಸಿ ಹೇಳು.

ಟಿಳಕವಾಡಿ:

ಭಾಳ ಉಪಕಾರ ಆತು ಅಣ್ಣಾರ. ಪುಣೆಯವರಿಂದ ಮೇಲ್ ಬಂತು: ಬಾಂಡ್ ಆರು ತಿಂಗಳ ಟ್ರೇನಿಂಗ್ ಮುಗಿದ ಮ್ಯಾಲ ಶುರು, ಮೊತ್ತ ಕಡಿಮೆ ಆಗಂಗಿಲ್ಲ. ಹುದ್ದೆ "ಅಪ್ಲಿಕೇಶನ್ ಸಪೋರ್ಟ್ ಅಸೋಸಿಯೇಟ್" ಅಂತ ಐತಿ. ಸ್ಟಾರ್ಟಪ್ ನಡುವ ಮುಚ್ಚಿದರ ಏನು ಅನ್ನೋ ಅಂಜಿಕಿ ಐತಿ. ಎರಡಕ್ಕೂ ಹೂಂ ಅಂದು ಆಮ್ಯಾಲ ನೋಡಿದರ ನಡೀತದೇನ್ರಿ?

ಕೋಡ್ ರಿವ್ಯೂ:

ಎರಡಕ್ಕೂ ಹೂಂ ಅನ್ನಬೇಡಿ. ಎರಡು ಕಡೆ ಸೇರಿದರೆ ಪಿಎಫ್ ಒಂದೇ ಖಾತೆ ಸಂಖ್ಯೆಯಾದ ಯುಎಎನ್‌ನಲ್ಲಿ ಬೀಳುತ್ತದೆ, ಎರಡು ಕಡೆ ಸೇರಿದ್ದು ಗೊತ್ತಾಗಿಬಿಡಬಹುದು. ಸೇರದೆ ಕೊನೇ ವಾರದಲ್ಲಿ ಕೈಕೊಟ್ಟರೆ ಮುಂದಿನ ವರ್ಷ ಆ ಕಂಪನಿ ನಿಮ್ಮ ಕಾಲೇಜಿಗೆ ಬರುವುದು ಅನುಮಾನ, ಪೆಟ್ಟು ಜೂನಿಯರ್‌ಗಳಿಗೆ. ಬೇಡವಾದದ್ದಕ್ಕೆ ಈಗಲೇ ಎರಡು ಸಾಲಿನ ಮೇಲ್ ಹಾಕಿ, ಕಾಲೇಜಿನ ಟಿಪಿಓ (ಪ್ಲೇಸ್‌ಮೆಂಟ್ ಅಧಿಕಾರಿ) ಅವರಿಗೂ ತಿಳಿಸಿ.

ಪುಣೆಯ ಬಾಂಡ್ ಈಗ ಎರಡೂವರೆ ವರ್ಷದ್ದಾಯಿತು, ಅದೂ ಸಪೋರ್ಟ್ ಕೆಲಸಕ್ಕೆ. ಸಪೋರ್ಟ್ ಎಂದರೆ ಹೆಚ್ಚಿನ ಹೊತ್ತು ಟಿಕೆಟ್ (ಬಳಕೆದಾರರ ದೂರು) ಮುಚ್ಚುವುದು, ಲಾಗ್ (ಸಿಸ್ಟಂ ದಾಖಲೆ) ನೋಡುವುದು, ಪಾಳಿಯಲ್ಲಿ ಕೂರುವುದು. ಕೀಳು ಕೆಲಸವೇನಲ್ಲ. ಆದರೆ ಎರಡೂವರೆ ವರ್ಷ ಕೋಡ್ ಬರೆಯದೆ ಆಮೇಲೆ ಡೆವಲಪರ್ ಹುದ್ದೆಯ ಸಂದರ್ಶನಕ್ಕೆ ಹೋದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. 2,300 ರೂಪಾಯಿಗೆ ಇದು ಬಹಳ ತುಟ್ಟಿ. ನಾನಾದರೆ ಪುಣೆ ಬಿಡುತ್ತೇನೆ.

ಸ್ಟಾರ್ಟಪ್ ಗಟ್ಟಿಯಿದೆಯೇ ಎಂದು ಮನೆಯಲ್ಲೇ ಕೂತು ಅರ್ಧ ತಾಸಿನಲ್ಲಿ ನೋಡಬಹುದು. ಇಪಿಎಫ್ಒ (ಭವಿಷ್ಯ ನಿಧಿ ಸಂಸ್ಥೆ) ಜಾಲತಾಣದಲ್ಲಿ ಎಸ್ಟಾಬ್ಲಿಶ್‌ಮೆಂಟ್ ಸರ್ಚ್ ಇದೆ. ಕಂಪನಿಯ ನೋಂದಾಯಿತ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಿದ್ದಾರೆ ಎಂದು ಬರುತ್ತದೆ. ನೋಂದಾಯಿತ ಹೆಸರು ಬ್ರ್ಯಾಂಡ್ ಹೆಸರಿಗಿಂತ ಬೇರೆ ಇರಬಹುದು, ಆಫರ್ ಲೆಟರ್‌ನ ಕೆಳಗಡೆ ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ಜನರ ಸಂಖ್ಯೆ ಆರು ತಿಂಗಳಲ್ಲಿ 80ರಿಂದ 45ಕ್ಕೆ ಇಳಿದಂತೆ ಕಂಡರೆ, ಅಥವಾ ಪಿಎಫ್ ತಡವಾಗಿ ಕಟ್ಟುತ್ತಿದ್ದರೆ, ಪಗಾರವೂ ತಡವಾಗುವ ದಿನ ದೂರವಿಲ್ಲ.

ಆಮೇಲೆ ಎಚ್‌ಆರ್ ಹತ್ತಿರ ಮುಂದೆ ನಿಮ್ಮ ಮ್ಯಾನೇಜರ್ ಆಗುವವರ ಜತೆ 20 ನಿಮಿಷದ ಕಾಲ್ ಕೇಳಿ. ಕೇಳಿದ್ದಕ್ಕೆ ಆಫರ್ ಹಿಂತೆಗೆಯುವುದಿಲ್ಲ. ಮೊದಲ ಮೂರು ತಿಂಗಳು ನನ್ನ ಕೆಲಸ ಏನು? ನನ್ನ ಕೋಡನ್ನು ಯಾರು ರಿವ್ಯೂ ಮಾಡುತ್ತಾರೆ? ಹೊಸ ಕೋಡ್ ಪ್ರೊಡಕ್ಷನ್‌ಗೆ (ಗ್ರಾಹಕರು ಬಳಸುವ ಸಿಸ್ಟಂಗೆ) ವಾರಕ್ಕೆ ಎಷ್ಟು ಸಲ ಹೋಗುತ್ತದೆ? ರಾತ್ರಿ ಆನ್‌ಕಾಲ್ (ಕರೆ ಬಂದರೆ ಎದ್ದು ನೋಡುವ) ಸರದಿ ಎಷ್ಟು ವಾರಕ್ಕೊಮ್ಮೆ? ಕಂಪನಿಯ ಹತ್ತಿರ ಈಗಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕು? ಕೊನೆಯದಕ್ಕೆ 18 ತಿಂಗಳಿಗಿಂತ ಹೆಚ್ಚು ಎಂದರೆ ನೆಮ್ಮದಿ, ಒಂಬತ್ತಕ್ಕಿಂತ ಕಡಿಮೆ ಎಂದರೆ ಎಚ್ಚರ. ರಿವ್ಯೂ ಮಾಡಲು ಸೀನಿಯರ್ ಯಾರೂ ಇಲ್ಲ, ನೀವೇ ಎಲ್ಲ ನೋಡಿಕೊಳ್ಳಬೇಕು ಎಂದರೆ ಹೊಸಬರಿಗೆ ಅದು ಕಲಿಯುವ ಜಾಗ ಅಲ್ಲ.

ಪಗಾರ ಲೆಕ್ಕ:

ಒಂದು ಬಿಟ್ಟುಹೋಗಿತ್ತು. ಬೋನಸ್ ಮೊದಲ ಪಗಾರದ ಜತೆ ಬರುತ್ತದೋ, ಮೂರು ತಿಂಗಳ ನಂತರವೋ ಕೇಳು. ಬೆಂಗಳೂರಲ್ಲಿ ಮನೆ ಹಿಡಿದರೆ ಐದಾರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಾರೆ, ಅದಕ್ಕೇ ಮೊದಲು ಪಿಜಿಯಲ್ಲಿ ಇರುವುದು ವಾಸಿ. ಊರಿಗೆ ಬರಲು ವಂದೇ ಭಾರತ್ ಈಗ ಬೆಳಗಾವಿವರೆಗೂ ಇದೆ, ಎಂಟೂವರೆ ತಾಸು. ಆಫರ್ ಲೆಟರ್‌ನಲ್ಲಿ "ಎಲ್ಲ ಸೆಮಿಸ್ಟರ್ ಪಾಸಾಗಿರಬೇಕು" ಎಂಬ ಷರತ್ತು ಇದ್ದರೆ ರಿಸಲ್ಟ್ ಮತ್ತು ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಯಾವ ತಾರೀಖಿನೊಳಗೆ ಕೊಡಬೇಕು ಎಂದೂ ಈಗಲೇ ಬರೆಸಿಕೋ. ವಿಟಿಯು (ವಿಶ್ವವಿದ್ಯಾಲಯ) ರಿಸಲ್ಟ್ ಜಾಯ್ನಿಂಗ್ ತಾರೀಖು ದಾಟಿದರೆ ಆ ಒಂದು ಸಾಲಿನ ಮೇಲ್ ನಿನ್ನನ್ನು ಉಳಿಸುತ್ತದೆ.