ಟಪಾಲಿನಲ್ಲಿ ಅನುಮಾನದ ಪುಡಿ: ಸ್ಥಳದಲ್ಲೇ ಏನನ್ನು ಪರೀಕ್ಷಿಸಬಹುದು, ಏನನ್ನು ಪರೀಕ್ಷಿಸಬಾರದು?

ಟಪಾಲು_ವಿಜಯಪುರ

ನಮಸ್ಕಾರ ರೀ. ದಿನಕ್ಕೆ ನೂರಾರು ಲಕೋಟೆ ಒಡೆಯುವ ಕಚೇರಿಯ ಟಪಾಲು ವಿಭಾಗಕ್ಕೆ ಸುರಕ್ಷತಾ ಸೂಚನೆ ಬರೆಯಬೇಕಾಗಿದೆ. ಲಕೋಟೆಯಿಂದ ಗುರುತಿಲ್ಲದ ಬಿಳಿ ಪುಡಿ ಉದುರಿದರೆ ಅದರಲ್ಲಿ ರೋಗಾಣು ಇದೆಯೇ ಎಂದು ಅಲ್ಲೇ ತಿಳಿಯಲು ಮಾರಾಟಗಾರರು ಮೂರು ವಸ್ತು ತೋರಿಸಿದ್ದಾರೆ: ಎಟಿಪಿ ಮೀಟರ್, ಪ್ರೋಟೀನ್ ಕಿಟ್, ಎರಡು ಗೆರೆ ಮೂಡುವ ಸ್ಟ್ರಿಪ್. ಯಾವುದನ್ನು ತರಿಸಬೇಕು? ನೆಗೆಟಿವ್ ಬಂದರೆ ಕೋಣೆ ತೆರೆದು ಕೆಲಸ ಶುರು ಮಾಡಬಹುದೇ?

ಲ್ಯಾಬ್_ಬೆಳಗಾವಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತೆರೆಯಬಾರದು. ಈ ಮೂರರಲ್ಲಿ ಯಾವುದರ ನೆಗೆಟಿವ್ ಕೂಡ "ಅಪಾಯವಿಲ್ಲ" ಎಂದು ಹೇಳುವುದಿಲ್ಲ.

ಎಟಿಪಿ ಮೀಟರನ್ನು ಪಟ್ಟಿಯಿಂದಲೇ ತೆಗೆಯಿರಿ. ಹೋಟೆಲ್ ಅಡುಗೆಮನೆ, ಡೇರಿಯ ಪೈಪು ಸರಿಯಾಗಿ ತೊಳೆದಿದ್ದಾರೆಯೇ ಎಂದು ನೋಡಲು ಇರುವ ಸಾಧನ ಅದು. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ರಾಸಾಯನಿಕಕ್ಕೆ ಲೂಸಿಫರೇಸ್ ಕಿಣ್ವ ತಾಗಿದಾಗ ಹೊಮ್ಮುವ ಬೆಳಕನ್ನು ಅಳೆಯುತ್ತದೆ. ಜೋಳದ ಹಿಟ್ಟಿಗೂ, ಬೆರಳಿನ ಜಿಡ್ಡಿಗೂ ಅಂಕಿ ಏರುತ್ತದೆ. ಕುರಿ-ದನಗಳಿಗೆ ಬರುವ ನೆರಡಿ, ಅಂದರೆ ಆಂಥ್ರಾಕ್ಸ್, ರೋಗದ ಬ್ಯಾಕ್ಟೀರಿಯಾ ಪುಡಿಯಲ್ಲಿ ಸ್ಪೋರ್ ಎಂಬ ಗಟ್ಟಿ ಕವಚದ ರೂಪದಲ್ಲಿ ಸುಪ್ತವಾಗಿರುತ್ತದೆ. ಸ್ಪೋರಿನೊಳಗೆ ಎಟಿಪಿ ತೀರ ಕಡಿಮೆ. ಯಾವುದಕ್ಕೆ ಹೆದರಬೇಕೋ ಅದಕ್ಕೇ ಈ ಮೀಟರು ಸುಮ್ಮನಿರುತ್ತದೆ.

ಪಿಎಚ್ ಪಟ್ಟಿ (ಆಮ್ಲವೋ ಕ್ಷಾರವೋ ತೋರಿಸುವ ಕಾಗದ) ಮತ್ತು ಪ್ರೋಟೀನ್ ಕಿಟ್ ಜೋಡಿಯಾಗಿ ಬಳಸಬೇಕಾದವು. ಒದ್ದೆ ಮಾಡಿದ ಪುಡಿಯ ಪಿಎಚ್ ಸುಮಾರು 5ರಿಂದ 9ರೊಳಗೆ ಇದ್ದರೆ ಮಾತ್ರ ಪ್ರೋಟೀನ್ ಪರೀಕ್ಷೆಗೆ ಅರ್ಥ. ವಾಷಿಂಗ್ ಸೋಡಾ, ಬಟ್ಟೆ ತೊಳೆಯುವ ಪುಡಿಗಳು ಸಾಮಾನ್ಯವಾಗಿ 10ರ ಮೇಲೆ ಹೋಗುತ್ತವೆ. ಅಲ್ಲಿ ಕಿಟ್ಟಿನ ಬಣ್ಣವನ್ನು ನಂಬಲಾಗದು, ರಾಸಾಯನಿಕ ಎಂದೇ ಮುಂದುವರಿಯಬೇಕು. ಪ್ರೋಟೀನ್ ಇದ್ದರೆ ದ್ರಾವಣ ಕೆಲವೇ ನಿಮಿಷಗಳಲ್ಲಿ ನೇರಳೆಗೆ ತಿರುಗುತ್ತದೆ. ಮೈದಾ, ಕಡಲೆಹಿಟ್ಟು, ಜೋಳದ ಹಿಟ್ಟು, ಹಾಲಿನ ಪುಡಿ ಎಲ್ಲವೂ ನೇರಳೆಯೇ. ಟಾಲ್ಕಂ, ಉಪ್ಪು, ಸಕ್ಕರೆ, ಬೋರಿಕ್ ಪುಡಿ ತಿರುಗುವುದಿಲ್ಲ. ರಂಗೋಲಿ ಪುಡಿಯೂ ಅಷ್ಟೇ, ಅದು ಹೆಚ್ಚಾಗಿ ನಮ್ಮ ಲೋಕಾಪುರದ ಕಡೆ ಸಿಗುವಂಥ ಸುಣ್ಣಕಲ್ಲು, ಡಾಲಮೈಟಿನ ಪುಡಿ. ನೇರಳೆ ಬಂದರೆ "ಜೈವಿಕ ಮೂಲದ್ದಿರಬಹುದು, ಲ್ಯಾಬಿಗೆ ಬೇಗ ಹೋಗಲಿ" ಎಂದಷ್ಟೇ ಓದಿಕೊಳ್ಳಿ. ಅಯೋಡಿನ್ ಹನಿ ಕಡುನೀಲಿಯಾದರೆ ಪಿಷ್ಟವಿದೆ ಎಂದು ಗೊತ್ತಾಗುತ್ತದೆ. ಪಿಷ್ಟದ ಜೊತೆ ಬೇರೇನೂ ಇಲ್ಲ ಎಂದು ಗೊತ್ತಾಗುವುದಿಲ್ಲ.

ಸ್ಟ್ರಿಪ್ ಗರ್ಭಪರೀಕ್ಷೆಯ ಕಾರ್ಡಿನಂತೆಯೇ. ಒಂದು ಸ್ಟ್ರಿಪ್ ಒಂದೇ ರೋಗಾಣುವನ್ನು ಹುಡುಕುತ್ತದೆ. ನಿಯಂತ್ರಣದ ಗೆರೆ ಮೂಡದಿದ್ದರೆ ಆ ಸ್ಟ್ರಿಪ್ಪೇ ಕೆಟ್ಟಿದೆ. ಎಲ್ಲರೂ ಮಾಡುವ ತಪ್ಪು ಪುಡಿ ಜಾಸ್ತಿ ಹಾಕುವುದು: ದ್ರಾವಣ ಗಂಜಿಯಂತಾಗಿ ಪೊರೆಯ ರಂಧ್ರ ಕಟ್ಟಿ, ನಡುವೆಯೇ ನಿಲ್ಲುತ್ತದೆ. ಸುಳ್ಳು ಪಾಸಿಟಿವ್‌ಗೆ ನಮ್ಮ ಭಾಗದಲ್ಲಿ ಒಂದು ಕಾರಣವಿದೆ. ಕಾಯಿಕೊರಕ ಹುಳಕ್ಕೆ ಗೊಬ್ಬರದಂಗಡಿಯಲ್ಲಿ ಸಿಗುವ ಜೈವಿಕ ಕೀಟನಾಶಕ ಪುಡಿಯಲ್ಲಿ ಇರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ನೆರಡಿಯ ಬ್ಯಾಕ್ಟೀರಿಯಾಕ್ಕೆ ತೀರ ಹತ್ತಿರದ ಸಂಬಂಧಿ. ಕೆಲವು ಸ್ಟ್ರಿಪ್‌ಗಳು ಇವೆರಡನ್ನೂ ಬೇರ್ಪಡಿಸಲಾರವು. ಬಹುತೇಕ ಕಿಟ್‌ಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಎಂದು ಬರೆದಿರುತ್ತದೆ. ಏಪ್ರಿಲ್‌ನ ವಿಜಯಪುರದಲ್ಲಿ ಜೀಪಿನ ಡಿಕ್ಕಿಯಲ್ಲಿ ಇಟ್ಟ ಪೆಟ್ಟಿಗೆಯನ್ನು ಎಸೆಯುವುದೇ ಲೇಸು.

ಖಚಿತ ಉತ್ತರ ಲ್ಯಾಬಿನದ್ದೇ. ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್‌ಗೆ ಕೆಲವು ಗಂಟೆ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಕಾಲೊನಿ ಕಾಣಲು ಒಂದು ರಾತ್ರಿಯಾದರೂ ಬೇಕು.

ಬಾಗಲಕೋಟಿ_ಫೈರ್

ಮೇಲಿನವರು ಹೇಳಿದ್ದು ಖರೆ ಐತ್ರಿ. ಆದ್ರ ರೋಗಾಣು ಹುಡುಕೂದು ನಾಲ್ಕನೇ ಕೆಲಸ. ಮೊದಲ ಸ್ಫೋಟಕ, ಆಮ್ಯಾಲ ವಿಕಿರಣ, ಆಮ್ಯಾಲ ರಾಸಾಯನಿಕ, ಕಡೀಕ ಜೈವಿಕ. ಈ ಕ್ರಮ ತಪ್ಪಿಸಬ್ಯಾಡ್ರಿ.

ಯಾಕ ಅಂದ್ರ, ಪಿಎಚ್ ನೋಡಾಕ ಪುಡಿ ಮ್ಯಾಲ ನೀರ ಹಾಕ್ತೀರಿ. ನಮ್ಮ ಕಡೆ ಕಾಳಿನ ಗೋದಾಮಿನ್ಯಾಗ ಹುಳಕ್ಕ ಇಡೂ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗಿ ಕರಗಿದ ಮ್ಯಾಲ ಬೂದಿ-ಬಿಳಿ ಪುಡಿ ಉಳಿತೈತಿ. ಪೂರ್ತಿ ಕರಗದ ಚೂರು ಅದರಾಗ ಇದ್ರ ನೀರ ಬಿದ್ದ ಕೂಡಲೇ ಫಾಸ್ಫೀನ್ ಗ್ಯಾಸ್ ಬರತೈತಿ. ಆ ಗ್ಯಾಸಿಗೆ ಬಳ್ಳೊಳ್ಳಿ ಇಲ್ಲಾ ಕೊಳೆತ ಮೀನಿನ ವಾಸನಿ ಇರತೈತಿ. ಆದ್ರ ವಾಸನಿ ಬರಲಿಲ್ಲ ಅಂದ್ರ ಗ್ಯಾಸ್ ಇಲ್ಲ ಅನ್ನಾಕ ಬರೂದಿಲ್ಲ. ಅದಕ್ಕ ಗ್ಯಾಸ್ ಮೀಟರ್ ಇಲ್ಲದ ಮಂದಿ ಪುಡಿಗೆ ಒಂದ ಹನಿ ನೀರೂ ಹಾಕಬಾರದು. ನಿಮ್ಮ ಟಪಾಲಿನವರು ಯಾವ ಕಿಟ್ಟೂ ಮುಟ್ಟೂದು ಬ್ಯಾಡ. ಅದು ಸೂಟ್, ಉಸಿರಾಟದ ಉಪಕರಣ ಹಾಕ್ಕೊಂಡು ಬರೂ ತಂಡದ ಕೆಲಸ.

ಸೂಚನಾದಾಗ ಇಷ್ಟ ಬರೀರಿ. ಲಕೋಟಿ ಕೈಯಾಗ ಇದ್ರ ಝಾಡಿಸದ ಮೇಜಿನ ಮ್ಯಾಲ ಮೆಲ್ಲಕ ಇಡಬೇಕು. ಫ್ಯಾನು, ಕೂಲರ್, ಏಸಿ ಬಂದ್ ಮಾಡಬೇಕು. ಟಪಾಲು ಮೇಜಿನ ನೆತ್ತಿ ಮ್ಯಾಲ ಸೀಲಿಂಗ್ ಫ್ಯಾನ್ ಇರತೈತಿ, ಅದರ ಸ್ವಿಚ್ ಬಾಗಿಲ ಹತ್ರ ಇರೂಹಂಗ ಈಗ ಬದಲಿ ಮಾಡಸ್ರಿ. ಕಸಬರಿಗಿ ಹಚ್ಚಬಾರದು, ಊದಬಾರದು, ಮೂಸಬಾರದು. ಹೊರಗ ಬಂದು ಬಾಗಿಲ ಮುಚ್ಚಿ, ಸಾಬೂನು ನೀರಿಲೆ ಕೈ ತೊಳದು, 112ಕ್ಕ ಫೋನ್. ಒಳಗ ಯಾರ್ಯಾರು ಇದ್ರು ಅನ್ನೂ ಹೆಸರು, ಫೋನ್ ನಂಬರ್ ಬರದು ಇಡ್ರಿ. ಅವರನ್ನ ಮನಿಗೆ ಕಳಸಬ್ಯಾಡ್ರಿ. ಪುಡಿ ಬಿದ್ದ ಅರಬಿ ಬಿಚ್ಚಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿಡಬೇಕು.

ಲ್ಯಾಬ್_ಬೆಳಗಾವಿ

ಫಾಸ್ಫೈಡ್ ವಿಷಯ ನಾನು ಬಿಟ್ಟಿದ್ದೆ, ಅದು ಸೂಚನೆಯಲ್ಲಿ ಇರಲೇಬೇಕು. ಬರುವ ತಂಡಕ್ಕೆ ಒಂದು ಕೋರಿಕೆ: ಸ್ಥಳದ ಪರೀಕ್ಷೆಗೆ ಸಾಸಿವೆ ಕಾಳಿನಷ್ಟು ಮಾತ್ರ ಬಳಸಿ, ಉಳಿದದ್ದು ಲಕೋಟೆಯ ಸಮೇತ ನಮಗೆ ಬೇಕು. 2001ರಲ್ಲಿ ಅಮೆರಿಕದ ಆಂಥ್ರಾಕ್ಸ್ ಪತ್ರಗಳಿಂದ 22 ಜನ ಕಾಯಿಲೆಬಿದ್ದು 5 ಜನ ಸತ್ತರು. ಅಲ್ಲಿ ತನಿಖೆಗೆ ಪುಡಿಯಷ್ಟೇ ಅಲ್ಲ, ಲಕೋಟೆಗಳೂ ಸಾಕ್ಷ್ಯವಾದವು. ಮರದ ಕಡ್ಡಿಯ ಹತ್ತಿ ಸ್ವ್ಯಾಬ್ ಬೇಡ, ಪಿಸಿಆರ್‌ಗೆ ಅಡ್ಡಿ ಮಾಡಬಹುದು. ಪ್ಲಾಸ್ಟಿಕ್ ಕಡ್ಡಿಯ ಪಾಲಿಯೆಸ್ಟರ್ ಸ್ವ್ಯಾಬ್ ಇರಲಿ. ಜಿಪ್ ಚೀಲದೊಳಗೆ ಇನ್ನೊಂದು ಜಿಪ್ ಚೀಲ, ಹೊರಮೈ ಬ್ಲೀಚಿನಿಂದ ಒರೆಸಿ ಗಟ್ಟಿ ಡಬ್ಬಿಗೆ. ಮೇಲೆ ದಿನಾಂಕ, ಗಂಟೆ, ಜಾಗ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಬರಹ.

ಟಪಾಲು_ವಿಜಯಪುರ

ತುಂಬಾ ಉಪಕಾರ ಆಯ್ತು ರೀ. ಮೂರೂ ಖರೀದಿ ಕೈಬಿಟ್ಟು ಫ್ಯಾನಿನ ಸ್ವಿಚ್ಚು, ಜಿಪ್ ಚೀಲ, ಸಾಬೂನಿಗೆ ಬರೆಯುತ್ತೇನೆ. ಪುಡಿಯ ಮೇಲೆ ಮೊದಲೇ ಬ್ಲೀಚ್ ಸುರಿದರೆ ತಂಡ ಬರುವವರೆಗೆ ಸುರಕ್ಷಿತವಲ್ಲವೇ? ಮಾದರಿಯನ್ನು ಲ್ಯಾಬಿಗೆ ಕಳಿಸುವವರು ಯಾರು?

ಲ್ಯಾಬ್_ಬೆಳಗಾವಿ

ಸುರಿಯಬೇಡಿ. ಮಾದರಿ ಹಾಳಾಗುತ್ತದೆ, ಪುಡಿ ಆಮ್ಲವಾಗಿದ್ದರೆ ಕ್ಲೋರಿನ್ ಅನಿಲವೂ ಏಳುತ್ತದೆ. ಮಾದರಿ ಹೋದ ಮೇಲೆ ಮೇಜು, ನೆಲ ಒರೆಸಲು ತಂಡ ಬ್ಲೀಚ್ ಬಳಸುತ್ತದೆ: ಶೇಕಡಾ 5ರ ಬ್ಲೀಚ್ ಬಾಟಲಿಯ 100 ಮಿಲಿಗೆ 900 ಮಿಲಿ ನೀರು, ಅಂದೇ ಕಲಸಿದ್ದು. ಮೈಗೆ ಬ್ಲೀಚ್ ಬೇಡ, ಸಾಬೂನು ನೀರೇ. ಮಾದರಿ ಎಲ್ಲಿಗೆ ಹೋಗಬೇಕೆಂದು ಜಿಲ್ಲಾಡಳಿತ ಮತ್ತು ಜಿಲ್ಲಾ ಸರ್ವೇಕ್ಷಣಾಧಿಕಾರಿ ತೀರ್ಮಾನಿಸುತ್ತಾರೆ. ಆ ಎರಡೂ ಕಚೇರಿಗಳ ನಂಬರ್ ಸೂಚನೆಯ ಕೆಳಗೆ ಈಗಲೇ ಬರೆದಿಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜೈವಿಕ ವಿಪತ್ತಿನ ಬಗ್ಗೆ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನೂ ಒಮ್ಮೆ ಓದಿ.